ಸುಣ್ಣದ ನೀರಿಗೆ ಹೋದ ಚಿತ್ರಮೂಲ

ವಿಜ್ಞಾನವೆಂದರೆ ಸತ್ಯದ ಅನ್ವೇಷಣೆ. ಹೆಬ್ಬಾಳದ ನಮ್ಮ ಪ್ರಯೋಗಾಲಯದಲ್ಲಿ ಅದು ಬಹುಪಾಲು ಬೀರುವಿನ ಬೀಗದ ಕೈಯ ಅನ್ವೇಷಣೆಯಾಗಿರುತ್ತಿತ್ತು.

೧೯೭೮ರಲ್ಲಿ ನಾನಲ್ಲಿ ಸಂಶೋಧನಾ ಸಹಾಯಕ. ದನಗಳ ಚರ್ಮಕ್ಕೆ ಹುಳುಕಡ್ಡಿ ತರುವ ಶಿಲೀಂಧ್ರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ನಡುವೆ ಗಿಡದ ಬೇರಿನ ಸಾರ ಹಾಕುವುದು ನನ್ನ ಕೆಲಸ. ಸಾರಕ್ಕೆ ಶಕ್ತಿಯಿದ್ದರೆ ಸುತ್ತ ಏನೂ ಬೆಳೆಯದ ಬೋಳು ವೃತ್ತ ಉಳಿಯುತ್ತದೆ. ಅದಕ್ಕೆ ವಲಯ ಎನ್ನುತ್ತೇವೆ. ಅಲ್ಲಿಯವರೆಗೆ ನಾನು ಕಂಡಿದ್ದ ವಲಯಗಳೆಲ್ಲ ಕಾಫಿ ಲೋಟ ಮೇಜಿನ ಮೇಲೆ ಬಿಟ್ಟವೇ ಆಗಿದ್ದವು.

ಫೆಬ್ರವರಿಯಲ್ಲಿ ರಾಜಾನುಕುಂಟೆಯ ಕುರಿಗಾಹಿ ಮುನಿಯಮ್ಮ ಹುಳುಕಡ್ಡಿಗೆ ಹಚ್ಚುವ ಚಿತ್ರಮೂಲವೆಂಬ ಗಿಡದ ಬೇರು ತಂದುಕೊಟ್ಟರು. ಅರೆದು ಹಾಕಿದೆ. ಹತ್ತನೆಯ ದಿನ ವಲಯ ಬಂತು. ನಮ್ಮ ಮುಖ್ಯಸ್ಥರಾದ ಶಾಮಣ್ಣ ಸಾರ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗುವಿನ ಮುಖ ನೋಡುವಂತೆ ನೋಡಿದರು. ಅವರ ಇಡೀ ಸೇವೆಯಲ್ಲಿ ಒಂದು ಬೇರೂ ಗೆದ್ದಿರಲಿಲ್ಲ. ಮಾರ್ಚ್ ಕೊನೆಗೆ ನಿವೃತ್ತಿ.

"ಒಂದ್ಸಲ ಬಂದ್ರೆ ಅದೃಷ್ಟ ಕಣಯ್ಯಾ. ಇನ್ನೊಂದ್ಸಲ ತೋರ್ಸು, ನೆಮ್ಮದಿಯಾಗಿ ಮನೆಗೆ ಹೋಗ್ತೀನಿ."

ಎರಡನೆಯ ಪರೀಕ್ಷೆಯನ್ನು ಶಾಸ್ತ್ರೋಕ್ತವಾಗಿ ಮಾಡಲು ಹೊರಟೆ. ಚಿತ್ರಮೂಲವನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಸಿ ಶುದ್ಧಿ ಮಾಡಬೇಕೆಂದು ವೈದ್ಯರಾಗಿದ್ದ ನಮ್ಮ ತಾತ ಹೇಳುತ್ತಿದ್ದರು. ನೆನೆಸಿದೆ. ನೀರು ರಕ್ತದಂತೆ ಕೆಂಪಾಯಿತು. ದೋಷವೆಲ್ಲ ಹೊರಬಂತೆಂದು ಹಿಗ್ಗಿ ಮೋರಿಗೆ ಚೆಲ್ಲಿದೆ.

ಮಾರ್ಚ್ ಕೊನೆಯ ವಾರ ತಟ್ಟೆ ತೆಗೆದರೆ ಶಿಲೀಂಧ್ರ ಅಂಚಿನಿಂದ ಅಂಚಿಗೆ ಹುಲುಸಾಗಿ ಬೆಳೆದಿತ್ತು.

"ಏನಯ್ಯಾ, ಹೋದ್ಸಲ ಬಂದಿದ್ದು ವಲಯಾನೋ, ನಿನ್ ಕನ್ನಡಕದ ಕಲೆಯೋ?" ಎಂದು ಸಾರ್ ನಕ್ಕರು. ಆಮೇಲೆ ವಾರ್ಷಿಕ ವರದಿಯ ಕರಡನ್ನು ಎಳೆದುಕೊಂಡು ಬರೆಯತೊಡಗಿದರು. ಮೂವತ್ತೊಂದರಂದು ಹಾರ ಹಾಕಿಸಿಕೊಂಡು, ಮಗಳಿದ್ದ ಶಿವಮೊಗ್ಗಕ್ಕೆ ಹೊರಟುಹೋದರು.

ಏಪ್ರಿಲ್‌ನಲ್ಲಿ ಬಂದ ಮುನಿಯಮ್ಮನಿಗೆ ನಡೆದದ್ದನ್ನು ಹೇಳಿದೆ.

"ಸುಣ್ಣದ್ ನೀರ್ಗಾಕಿದ್ರಾ ಸಾಮಿ? ಅದು ವಟ್ಟೆಗೆ ತಗಳಾಕೆ, ಕರುಳು ಸುಡಬಾರ್ದು ಅಂತ. ಉಳುಕಡ್ಡೀನ ಸುಡ್ದೆ ಬುಡಾಕೆ ಅದೇನು ನಂಟಸ್ತಿಕೆಗೆ ಬಂದೈತಾ?"

ನಾನು ಮೋರಿಗೆ ಚೆಲ್ಲಿದ್ದೇ ಔಷಧ. ಒಂದು ವಿಧಿಯನ್ನು ಪಾಲಿಸುವ ಮೊದಲು ಅದು ಯಾವ ಕೆಲಸಕ್ಕಾಗಿ ಹುಟ್ಟಿತೆಂದು ಕೇಳಬೇಕು. ಇಷ್ಟನ್ನು ಕಲಿಯಲು ನನಗೆ ಒಂದು ಬಕೆಟ್ ಕೆಂಪು ನೀರು ಬೇಕಾಯಿತು.

ಹಸಿ ಬೇರನ್ನೇ ಅರೆದು ಹಾಕಿದೆ. ವಲಯ ಮೊದಲಿನಷ್ಟೇ ಅಗಲವಾಗಿ ಬಂತು. ಕಿಟಕಿಯ ಬಳಿಗೆ ಒಯ್ದೆ. ಬೆಳಕಿಗೆ ಹಿಡಿಯಬೇಕಾದ ಕೈ ಅಲ್ಲಿರಲಿಲ್ಲ. ಶಿವಮೊಗ್ಗಕ್ಕೆ ಕಾಗದ ಬರೆದೆ. ಉತ್ತರವಾಗಿ ಬಂದ ಕಾರ್ಡಿನಲ್ಲಿ ಒಂದೇ ಸಾಲಿತ್ತು: "ಸಂತೋಷವಪ್ಪಾ, ಕಣ್ಣಾರೆ ನೋಡಬೇಕಿತ್ತು." ಅವರ ಜಾಗಕ್ಕೆ ಬಂದವರಿಗೆ ತಟ್ಟೆ ತೋರಿಸಿದೆ, ಅವರು ತಲೆಯಾಡಿಸಿದರು. ಇಷ್ಟು ವರ್ಷಗಳಾದ ಮೇಲೂ ಆ ತಟ್ಟೆಯನ್ನು ಸಾರ್ ಕೈಗೇ ಕೊಡಬೇಕಿತ್ತು ಅನ್ನಿಸುತ್ತದೆ.

ವಾರ್ಷಿಕ ವರದಿ ಆಗಲೇ ಅಚ್ಚಾಗಿತ್ತು. ಚಿತ್ರಮೂಲದ ಎದುರಿಗೆ, ಶಾಮಣ್ಣ ಸಾರ್ ಸಹಿಯೊಂದಿಗೆ, "ಪರಿಣಾಮವಿಲ್ಲ" ಎಂದಿದೆ.