ಮೊಮ್ಮಗಳಿಗೆ ನಾನು ಕೊಡಿಸಿದ ಸ್ನೋಬೋರ್ಡು

ಇದನ್ನು ಹೇಳದೆ ಚಳಿಗಾಲಗಳನ್ನೇ ದೂಡಿದ್ದೇನೆ. ಮೊದಲು ಮೊಮ್ಮಗಳ ಕೈ ವಾಸಿಯಾಗಲಿ ಅಂದುಕೊಂಡೆ. ಆಮೇಲೆ ಹಬ್ಬ ಕಳೆಯಲಿ ಅಂದೆ. ಕೊನೆಗೆ ನೆಪ ಹುಡುಕುವುದನ್ನೂ ಬಿಟ್ಟು ಸುಮ್ಮನೆ ಕೂತೆ. ಪಾರ್ಕಿನಲ್ಲಿ ನನ್ನ ಜೊತೆ ನಡೆಯುವ ಹಿರಿಯರೊಬ್ಬರ ಹತ್ತಿರ ಬಾಯಿಬಿಟ್ಟಾಗ ಅವರು, "ಮುಗಿದುಹೋದ ವಿಷಯ. ಈ ವಯಸ್ಸಲ್ಲಿ ಮನೆ ಮಾತು ಬೀದಿಗೆ ಯಾಕ್ರೀ ತರ್ತೀರ?" ಅಂದರು. ತರುತ್ತೇನೆ. ಸುಳ್ಳು ಹೇಳುವಾಗ ಮನೆ ತುಂಬ ಜನ ಇದ್ದರು. ನಿಜವನ್ನು ಅಡುಗೆಮನೆಯಲ್ಲಿ ಪಿಸುಗುಟ್ಟಿ ಮುಗಿಸಲು ನಾನು ಒಪ್ಪುವುದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೈಸೂರಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಕೂತು, ಸೀರೆ ಬಿಡಿಸಿ ತೋರಿಸುತ್ತಲೇ ಕೂದಲು ನರೆತವನು. ಬೆಲೆಗೂ ಗುಣಕ್ಕೂ ಇರುವ ಸಂಬಂಧ ನನ್ನ ಬೆರಳಿಗೇ ಗೊತ್ತಿತ್ತು. ತೂಕದ ಸೀರೆಯಾದರೆ ರೇಷ್ಮೆ ಹೆಚ್ಚು, ಜರಿ ಗಟ್ಟಿ, ಬೆಲೆಯೂ ಹೆಚ್ಚು. ಅಗ್ಗದ್ದು ಹಿಡಿದರೆ ಮುಷ್ಟಿಯೊಳಗೆ ಮುದುಡಿಕೊಳ್ಳುತ್ತದೆ. ಹೆಂಡತಿ ಹೋದ ಮೇಲೆ ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿರುವ ಮಗಳ ಮನೆಗೆ ಬಂದೆ. ಅಂಗಡಿಯನ್ನು ಬಿಟ್ಟು ಬಂದರೂ ಬೆರಳುಗಳನ್ನು ಬಿಟ್ಟು ಬರಲಾಗಲಿಲ್ಲ. ಗ್ರಾಸರಿಗೆ ಹೋದರೆ ಟವೆಲ್ಲು, ಚೀಲ, ಎಲ್ಲವನ್ನೂ ಉಜ್ಜಿ ನೋಡುತ್ತಿದ್ದೆ.

ಅಳಿಯ ಹಾಸನದ ಕಡೆಯವರು, ಎಂಜಿನಿಯರು. ಏನೇ ಬೇಕಾದರೂ ಮೊದಲು ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಯಾರ ಹತ್ತಿರವಾದರೂ ಹಳೆಯದು ಇದೆಯೇ ಎಂದು ಕೇಳುವ ಮನುಷ್ಯ. ಮೊಮ್ಮಗಳ ಸೈಕಲ್ಲು, ಊಟದ ಮೇಜು ಎಲ್ಲ ಹಾಗೇ ಬಂದವು. ನನಗೆ ಹಿಡಿಸುತ್ತಿರಲಿಲ್ಲ.

ಮೊಮ್ಮಗಳು ಗೆಳತಿಯರ ಹಾಗೆ ತಾನೂ ಟಾಹೋ ಬೆಟ್ಟಗಳ ಹಿಮದಲ್ಲಿ ಸ್ನೋಬೋರ್ಡು ಕಲಿಯಬೇಕೆಂದಳು. ಎರಡು ಕಾಲನ್ನೂ ಒಂದೇ ಹಲಗೆಗೆ ಬಿಗಿದುಕೊಂಡು ಇಳಿಜಾರಿನಲ್ಲಿ ಜಾರುವ ಆಟ ಅದು. ಅಳಿಯ ಇಲ್ಲಿ ಓದುವಾಗ ಅದನ್ನು ಕಲಿತಿದ್ದರು. ಗೆಳೆಯರೊಬ್ಬರ ಮಗಳು ಹಾಕಿ ಬಿಟ್ಟ ಬೂಟು ತಂದರು. ಮೊಮ್ಮಗಳ ಕಾಲಿಗೆ ಅಳತೆ ಮಾಡಿಸಿದ ಹಾಗೆ ಕೂತಿತು.

"ಬೋರ್ಡೂ ಹೀಗೇ ನೋಡೋಣ ಮಾವ. ಕಲಿಯೋರಿಗೆ ಬಾಗೋ ಬೋರ್ಡು ಬೇಕು. ಅಂಥದ್ದು ಅಗ್ಗದಲ್ಲೇ ಸಿಗತ್ತೆ. ದುಬಾರಿದು ಗಟ್ಟಿ ಇರತ್ತೆ, ಜೋರಾಗಿ ಹೋಗೋರಿಗೆ ಅಂತ ಮಾಡಿರೋದು" ಅಂದರು.

"ಅಗ್ಗದ್ದೇ ಒಳ್ಳೇದು ಅಂತ ಗಿರಾಕಿಗಳ ಬಾಯಲ್ಲಿ ಜನ್ಮವೆಲ್ಲ ಕೇಳಿದೀನಿ, ಬಿಡಿ" ಅಂದೆ.

ಆ ಶನಿವಾರ ಮಗಳು ನನ್ನನ್ನೂ ಮೊಮ್ಮಗಳನ್ನೂ ರೈಲು ಹತ್ತಿಸಿದಳು. ಬರ್ಕ್ಲಿಯ ಅಂಗಡಿಯೊಂದಕ್ಕೆ ಹೋದೆವು. ಗೋಡೆಯುದ್ದಕ್ಕೂ ಹಲಗೆಗಳು. ನಾನು ಒಂದೊಂದನ್ನೇ ನೆಲಕ್ಕೂರಿ, ನಡುವೆ ಅಂಗೈಯಿಟ್ಟು ಅದುಮಿದೆ. ಅಗ್ಗದವು ಬಳುಕಿದವು. ತುದಿಯಲ್ಲಿದ್ದ, ಎಲ್ಲಕ್ಕಿಂತ ಹೆಚ್ಚು ಬೆಲೆಯ ಹಲಗೆ ಕದಲಲಿಲ್ಲ. ಅದೇ ಸರಿ ಅಂದೆ. ಅದರಲ್ಲೂ ಒಂದು ಸೈಜು ದೊಡ್ಡದು.

"ತಾತ, ಇದು ನನಗಿಂತ ಉದ್ದ ಇದೆ."

"ನೀನು ಬೆಳೆಯಲ್ವಾ? ನಿಮ್ಮಮ್ಮನ ಯೂನಿಫಾರಂ ಒಂದನ್ನೂ ನಾನು ಅಳತೆಗೆ ಹೊಲಿಸಿಲ್ಲ. ಕೆಳಗೆ ಮಡಿಸಿ ಹೊಲಿಸೋದು, ಬೆಳೆದ ಹಾಗೆ ಬಿಚ್ಚೋದು."

"ಬೋರ್ಡನ್ನ ಮಡಿಸಕ್ಕಾಗಲ್ಲ ತಾತ." ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಅರ್ಥವಾಗಿಯೂ ನಕ್ಕು ತಳ್ಳಿಹಾಕಿದೆ.

ಅಂಗಡಿಯಾತ ಏನೋ ಹೇಳಿದ. "ಇದು ಎಕ್ಸ್‌ಪರ್ಟ್ಸಿಗಂತೆ" ಅಂದಳು. "ನೀನೇನು ಕಮ್ಮಿ?" ಅಂದೆ. ಆ ಮಾತಿಗೆ ಅವಳ ಮುಖ ಅರಳಿತು. ನನ್ನ ಕಸುಬೇ ಅದಲ್ಲವೇ, ಗಿರಾಕಿಯ ಮುಖ ಅರಳಿಸುವುದು.

ಸಂಜೆ ಅಳಿಯ ಆಫೀಸಿನ ಕೆಲಸ ಮುಗಿಸಿ ಬಂದು ಹಲಗೆಯನ್ನು ನೋಡಿದರು. "ಮಾವ, ಬೇಜಾರು ಮಾಡ್ಕೋಬೇಡಿ. ಇದನ್ನ ವಾಪಸ್ ಕೊಟ್ಟುಬಿಡೋಣ. ಇಲ್ಲಿ ತಗೋತಾರೆ."

"ಉಡುಗೊರೆ ವಾಪಸ್ ಮಾಡೋ ಪದ್ಧತಿ ನಿಮ್ಮ ಮನೇಲಿದೆಯೇನೋ. ನಮ್ಮಲ್ಲಿಲ್ಲ. ಮಗಳಿಗೆ ಒಳ್ಳೇದು ಕೊಡಿಸೋಕೆ ನಿಮ್ಮ ಕೈ ನಡುಗಿದರೆ ಸುಮ್ಮನಿರಿ."

ಅವರು ಹಲಗೆಯನ್ನು ಒಂದು ಮೂಲೆಗೆ ಇಟ್ಟರು. ಮಾವನ ಮಾತಿಗೆ ಎದುರಾಡುವುದು ಆ ಮನುಷ್ಯನ ಜಾಯಮಾನವೇ ಅಲ್ಲ. ನನಗೂ ಅದು ಚೆನ್ನಾಗಿ ಗೊತ್ತಿತ್ತು.

ಟಾಹೋದಲ್ಲಿ, ಮಕ್ಕಳೆಲ್ಲ ಕಲಿಯುವ ಸಣ್ಣ ಇಳಿಜಾರಿನಲ್ಲೇ ಆ ಹಲಗೆ ಅವಳ ಮಾತು ಕೇಳಲಿಲ್ಲ. ತಿರುಗಿಸಲು ನೋಡಿದಳು, ತಿರುಗಲಿಲ್ಲ. ನೇರ ಹೋಯಿತು. ಮುಗ್ಗರಿಸಿ ಕೈಯೂರಿದಳು. ಮಣಿಕಟ್ಟು ಮುರಿಯಿತು. ಅವಳ ಕೈಗೆ ಪಟ್ಟಿ ಕಟ್ಟಿದ, ಅಲ್ಲಿನ ಪ್ರಥಮ ಚಿಕಿತ್ಸೆಯ ಹುಡುಗಿ ಹಲಗೆಯನ್ನು ಎತ್ತಿ ನೋಡಿ, ಅಳಿಯನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. "ಏನಂತೆ?" ಅಂದೆ. "ಏನಿಲ್ಲ ಮಾವ" ಅಂದರು. ಆದರೆ ನನಗೆ ಕೇಳಿಸಿತ್ತು. ಟೂ ಬಿಗ್, ಟೂ ಸ್ಟಿಫ್. ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

ಮುಂದಿನ ವಾರ ಪರಿಚಯದವರೆಲ್ಲ ಮಗುವನ್ನು ನೋಡಲು ಬಂದರು. ಹಣ್ಣು, ಬಿಸಿಬೇಳೆಬಾತು, ಚಕ್ಕುಲಿ. ಕಾಫಿ ಕುಡಿಯುತ್ತ ಒಬ್ಬರು ಕೇಳಿದರು: "ಹೇಗಾಯ್ತು ಇದು?" ಯಾರೂ ನನ್ನ ಕಡೆ ಬೆರಳು ತೋರಿಸಿರಲಿಲ್ಲ. ಆದರೂ ನಾನೇ ಮೊದಲು ಬಾಯಿ ತೆರೆದೆ.

"ಇನ್ನೇನು, ಹಳೇ ಬೂಟು ಸ್ವಾಮಿ. ಯಾರೋ ಹಾಕಿ ಬಿಟ್ಟದ್ದು. ಕಾಲು ನಿಲ್ಲುತ್ಯೇ ಅದರಲ್ಲಿ?"

ಎಲ್ಲರೂ ಅಳಿಯನನ್ನು ನೋಡಿದರು. "ಎಲ್ಲದರಲ್ಲೂ ಉಳಿಸೋಕೆ ಹೋಗ್ತೀರಲ್ರೀ" ಅಂದಳು ಮಗಳು, ಎಲ್ಲರೆದುರಿಗೇ. ಬಂದವರಲ್ಲಿ ಒಬ್ಬರು, "ಪ್ಲಾಸ್ಟರಾದ್ರೂ ಹೊಸದೇನ್ರೀ, ಅದೂ ಗುಂಪಲ್ಲಿ ಕೇಳಿದ್ರಾ?" ಅಂದರು. ಮನೆ ತುಂಬ ನಗು. ನಾನೂ ನಕ್ಕೆ. ಅಳಿಯ ಒಮ್ಮೆ ನನ್ನ ಮುಖ ನೋಡಿ, ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆ ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. ಯುಗಾದಿ ಊಟದಲ್ಲಿ, ಗಣೇಶನ ಹಬ್ಬದಲ್ಲಿ, ಅಳಿಯ ಏನಾದರೂ ಕೊಂಡರೆ ಸಾಕು, ಪ್ಲಾಸ್ಟರಿನ ಮಾತು ಬರುತ್ತಿತ್ತು. ಅವರು ಗುಂಪಿನಲ್ಲಿ ಏನನ್ನೂ ಕೇಳುವುದನ್ನು ಬಿಟ್ಟರು. ಇದನ್ನೆಲ್ಲ ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಈ ಚಳಿಗಾಲದಲ್ಲಿ ಅವರು ಬಾಗುವಂಥ ಒಂದು ಸಾಧಾರಣ ಬೋರ್ಡು ತಂದರು. ಮಗಳಿಗೆ ತಾವೇ ಕಲಿಸಬೇಕೆಂಬ ಆಸೆ ಇನ್ನೂ ಇತ್ತು. ಮೊಮ್ಮಗಳು ಅದನ್ನು ಮುಟ್ಟಲೂ ಇಲ್ಲ. "ಅಪ್ಪ, ಯು ಆರ್ ಸೋ ಚೀಪ್. ಅದಕ್ಕೇ ನನ್ನ ಕೈ ಮುರಿದಿದ್ದು. ನಾನು ನಿಮ್ಮ ಜೊತೆ ಬರಲ್ಲ" ಅಂದು ಕೋಣೆಯ ಬಾಗಿಲು ಹಾಕಿಕೊಂಡಳು. ಅಳಿಯ ಬೋರ್ಡನ್ನು ಗೋಡೆಗೆ ಒರಗಿಸಿದರು. ನಾನು ಅಲ್ಲೇ ಸೋಫಾದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದೆ. ತಗ್ಗಿಸಿದ ತಲೆ ಎತ್ತಲಿಲ್ಲ.

ಮಾರನೆಯ ದಿನ ಮೊಮ್ಮಗಳನ್ನು ಕೂರಿಸಿಕೊಂಡು ಹೇಳಿದೆ. "ಬೂಟಲ್ಲ ಕಣೇ. ನನ್ನ ಬೋರ್ಡು. ನನ್ನ ತಪ್ಪು, ಕ್ಷಮಿಸಿಬಿಡು."

"ನಿಮಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಅಪ್ಪ ಯಾಕೆ ಸುಮ್ಮನಿದ್ರು?"

ಮಗಳಿಗೂ ಹೇಳಿ ಕ್ಷಮೆ ಕೇಳಿದೆ. ಚೆನ್ನಾಗಿ ಬೈದಳು. ಬೈಸಿಕೊಂಡೆ. "ಅವರಿಗೆ ನೀವೇ ಹೇಳಬೇಕು ಅಪ್ಪ, ನಾನು ಹೇಳಲ್ಲ" ಅಂದಳು.

ಒಳ್ಳೆಯದನ್ನು ಕೊಡಿಸಬೇಕೆಂದುಕೊಂಡದ್ದಕ್ಕೆ ನಾನು ಈಗಲೂ ತಲೆ ತಗ್ಗಿಸುವುದಿಲ್ಲ. ದುಬಾರಿ ಹಲಗೆ ಒಳ್ಳೆಯದೇ, ಅದನ್ನು ಮಾಡಿದವರು ಮೋಸ ಮಾಡಿಲ್ಲ. ಅದು ಅವಳಿಗಲ್ಲ, ಅಷ್ಟೇ. ಲಂಗದಾವಣಿ ಉಡುವ ಹುಡುಗಿಗೆ ಮದುವೆಯ ಭಾರದ ಸೀರೆಯನ್ನು ನಾನು ಯಾವತ್ತಾದರೂ ಹೊದಿಸಿ ತೋರಿಸಿದ್ದೆನೇ? ಅಂಗಡಿಯಲ್ಲಿದ್ದ ಬುದ್ಧಿಯನ್ನು ಅಳಿಯನ ಮೇಲಿನ ಹಟಕ್ಕೆ ಕಳೆದುಕೊಂಡೆ.

ಹೆಣ್ಣು ಕೊಟ್ಟ ಮಾವ ಅಳಿಯನಲ್ಲಿ ಕ್ಷಮೆ ಕೇಳಬಾರದಂತೆ, ಅವನಿಗೆ ಅದು ಶ್ರೇಯಸ್ಸಲ್ಲವಂತೆ. ಪಾರ್ಕಿನ ಹಿರಿಯರು ಹೇಳುತ್ತಾರೆ. ಧಾರೆಯ ದಿನ ಇದೇ ಕೈಯಲ್ಲಿ ಅವರ ಕಾಲು ತೊಳೆದೆನಲ್ಲ, ಅವತ್ತು ಯಾರೂ ಶ್ರೇಯಸ್ಸಿನ ಮಾತೆತ್ತಲಿಲ್ಲ. ಶಾಸ್ತ್ರಕ್ಕೆ ಬಗ್ಗಬಹುದು, ತಪ್ಪಿಗೆ ಬಗ್ಗಬಾರದೇ? ಒಪ್ಪುವುದಿಲ್ಲ.

ಅವತ್ತು ನಮ್ಮ ಮನೆಯಲ್ಲಿ ಕಾಫಿ ಕುಡಿದು ನಕ್ಕವರು ಇದನ್ನು ಓದಲಿ. ಮೊಮ್ಮಗಳಲ್ಲಿ ಕ್ಷಮೆ ಕೇಳಿದೆ, ಮಗಳಲ್ಲಿ ಕೇಳಿದೆ. ಇನ್ನೂ ಕೇಳದೆ ಉಳಿದಿರುವುದು ಒಬ್ಬರನ್ನೇ. ಆ ಬೂಟನ್ನು ಸರಿಯಾದ ಅಳತೆಗೆ ಹುಡುಕಿ ತಂದವರು, ನನ್ನ ಸುಳ್ಳನ್ನು ಹೊತ್ತು ಲೋಟ ಎತ್ತಿದವರು, ನನ್ನ ಅಳಿಯ. ಅವರನ್ನು ಇಲ್ಲಿ, ಎಲ್ಲರೆದುರಿಗೇ ಕೇಳುತ್ತಿದ್ದೇನೆ: ನನ್ನನ್ನು ಕ್ಷಮಿಸಿ.