ಮೊದಲು ಒತ್ತಿದವರು ಯಾರು?

ಅಹಮದಾಬಾದಿನ ಚಾಂದ್‌ಖೇಡಾದ ತೈಲ ಕಂಪನಿಯಲ್ಲಿ ಮೂವತ್ನಾಲ್ಕು ವರ್ಷ ಮೀಟರುಗಳನ್ನು ನೋಡಿಕೊಂಡು ನಿವೃತ್ತನಾದ ಲಿಂಗರಾಜ ನಾನು. ನನ್ನನ್ನು ಕಂಡರೆ ಮೀಟರಿನ ಮುಳ್ಳುಗಳು ನೆಟ್ಟಗೆ ನಿಲ್ಲುತ್ತಿದ್ದವು ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ, ಬೇರೆ ಯಾರೂ ಹೇಳುವುದಿಲ್ಲವಲ್ಲ. ಒಂದು ಮೀಟರನ್ನೂ ಸುಳ್ಳು ಹೇಳಲು ಬಿಟ್ಟವನಲ್ಲ ಎಂಬ ಹೆಸರು ಮಾತ್ರ ನಿಜ. ನನ್ನ ಆಸ್ತಿಯೂ ಅದೊಂದೇ.

ನಿವೃತ್ತಿಯ ಮೇಲೆ ಪ್ರೋಗ್ರಾಂ ಬರೆಯಲು ಕಲಿತೆ. ಹನ್ನೊಂದು ಸಾಲು ಬರೆಯುವಷ್ಟರಲ್ಲಿ ಎರಡು ಕನ್ನಡಕ ಸವೆದವು. ಅಷ್ಟರ ಬಲದ ಮೇಲೆ ಕನ್ನಡ ಸಂಘದ ಕ್ವಿಜ್‌ಗೆ ಕೀಬೋರ್ಡ್ ತಂದಿಟ್ಟೆ. ಅಲ್ಲಿಯವರೆಗೆ ಉತ್ತರ ಗೊತ್ತಿದ್ದವರು ಸ್ಟೀಲ್ ತಟ್ಟೆಗೆ ಚಮಚ ಬಡಿಯುತ್ತಿದ್ದರು. ಯಾರ ತಟ್ಟೆ ಮೊದಲು ಎಂದು ವರ್ಷವರ್ಷವೂ ಜಗಳ.

“ನನ್ನ ಪ್ರೋಗ್ರಾಂ ಸೊಳ್ಳಿ ಕೂತ್ರೂ ಹೇಳತೈತಿ!” ಎಂದು ಸಾರಿದ್ದೆ.

ಅಹಮದಾಬಾದ್, ವಡೋದರಾ, ಸೂರತ್, ಮೂರು ತಂಡಕ್ಕೆ ಮೂರು ಕೀಬೋರ್ಡ್, ತಂಡಕ್ಕೊಂದು ಅಕ್ಷರ, ಒಂದೇ ಕಂಪ್ಯೂಟರ್. ಪ್ರಶ್ನೆ ಓದಿ ಮುಗಿದ ಮೇಲೆ ನಾನು ಮೌಸ್ ಒತ್ತುತ್ತೇನೆ, ಆಮೇಲೆ ಮೊದಲು ಕೀ ಒತ್ತಿದ ತಂಡದ ಹೆಸರು ಪರದೆಯ ಮೇಲೆ ಬರುತ್ತದೆ.

ಐದು ಪ್ರಶ್ನೆಗೂ ಅಹಮದಾಬಾದ್ ಬಂತು. ಆ ಕೀ ಒತ್ತುತ್ತಿದ್ದವಳು ನಳಿನಿ. ನನ್ನ ಹೆಂಡತಿ.

ಸೂರತ್ ತಂಡದ ನೇಹಾ, ಅಲ್ಲಿನ ಕತಾರ್‌ಗಾಮ್‌ನಲ್ಲೇ ಬೆಳೆದು ಕನ್ನಡಕ್ಕೆ ಗುಜರಾತಿ ಬೆರೆಸುವ ಹುಡುಗಿ, ಎದ್ದು ನಿಂತಳು. “ಅಂಕಲ್, ಆ ತೋ ಚೀಟಿಂಗ್ ಛೇ! ಆಂಟಿ ಹರ್ ಬಾರ್ ಫಸ್ಟ್ ಹೇಗೆ?”

ಕಾರ್ಯದರ್ಶಿ ಹರಿಪ್ರಸಾದ ನಕ್ಕ. “ಲಿಂಗರಾಜಣ್ಣಾ, ಮನ್ಯಾಗ ಶಾಂತಿ ಇರ್ಲಿ ಅಂತ ಹಿಂಗ ಮಾಡೀರೇನು? ತಟ್ಟಿ ಚಮಚ ಕಾರಿನ್ಯಾಗ ಅದಾವ, ತರ್ಲೇನು?”

ಸಭೆಯೆಲ್ಲ ನನ್ನತ್ತ ತಿರುಗಿತು. ನಾನು ನಳಿನಿಯ ಬಳಿ ಹೋದೆ. ಅವಳು ಚಟ್ನಿಗೆ ಮಿಕ್ಸರ್ ಗುಂಡಿ ಅದುಮಿ ಹಿಡಿಯುವ ಹಾಗೆ ಕೀ ಮೇಲೆ ಬೆರಳೂರಿ ಕುಳಿತಿದ್ದಳು.

“ಯಾವಾಗಿಂದ ಒತ್ತಿ ಹಿಡದೀ?”

“ಪ್ರಶ್ನಿ ಚಾಲೂ ಆದಾಗಿಂದ. ಮೊದ್ಲ ಒತ್ತಿದ್ರ ಮೊದ್ಲ ಬರತೈತಿ, ಅಲ್ರೀ?”

ನನ್ನ ಪಾಂಡಿತ್ಯ ಅಲ್ಲೇ ಕುಸಿಯಿತು. ಒತ್ತಿ ಹಿಡಿದ ಕೀ ಸುಮ್ಮನಿರುವುದಿಲ್ಲ, ಅದೇ ಅಕ್ಷರವನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ನಾನು ಮೌಸ್ ಒತ್ತಿದ ಕ್ಷಣವೇ ನಳಿನಿಯ ನೂರನೆಯ ಅಕ್ಷರ ಒಳಗೆ ಬಿದ್ದಿರುತ್ತಿತ್ತು. ಅದು ಹೊಸದಾಗಿ ಒತ್ತಿದ್ದೋ, ಹಳೆಯದರ ಬಾಲವೋ ಎಂದು ವಿಚಾರಿಸಲು ನಾನು ಪ್ರೋಗ್ರಾಂಗೆ ಹೇಳಿಯೇ ಇರಲಿಲ್ಲ.

ನಳಿನಿ ಮೆಲ್ಲಗೆ ಅಂದಳು, “ಇನ್ಮ್ಯಾಲೆ ಬೆರಳು ತೆಗಿತೀನಿ ಬಿಡ್ರಿ. ಯಾರಿಗೂ ಹೇಳಬ್ಯಾಡ್ರಿ. ಐದು ಪಾಯಿಂಟ್ ಬಂದಾವ.”

ಒಂದು ಕ್ಷಣ ನನ್ನ ಮುಳ್ಳೂ ಅಲುಗಾಡಿತು. ಆದರೂ ಮೈಕ್ ಹಿಡಿದೆ. “ತಪ್ಪು ನಳಿನೀದಲ್ಲ, ನಂದು. ಪ್ರೋಗ್ರಾಂ ಬರದಾಂವ ದಡ್ಡ. ಐದೂ ಪ್ರಶ್ನಿ ರದ್ದು.”

ಬೆರಳು ಎತ್ತಿ ಹೊಸದಾಗಿ ಒತ್ತಿದರೆ ಮಾತ್ರ ಲೆಕ್ಕಕ್ಕೆ ಬರಬೇಕು. ಅದಕ್ಕೆ ಬೇಕಾದದ್ದು ಎರಡೇ ಸಾಲು. ಒಂದು ಬೆರಳಲ್ಲಿ ನಾನದನ್ನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಸಭೆ ಎರಡು ಡಬ್ಬಿ ಗರಿಗರಿ ಖಾಖ್ರಾ ತಿಂದು ಮುಗಿಸಿತ್ತು.

ಆಟ ಹೊಸದಾಗಿ ಶುರುವಾಯಿತು. ನೇಹಾ ಗೆದ್ದಳು. ನನ್ನ ಕೈ ಕುಲುಕಿ, “ಸಾರಿ ಅಂಕಲ್, ನೀವು ಸಚ್ಚಾ ಆದ್ಮಿ” ಅಂದಳು. ಹರಿಪ್ರಸಾದ ಕಾರಿನ ಕಡೆ ಹೋಗಲೇ ಇಲ್ಲ.

ನಳಿನಿ ಮಾತ್ರ ಚಟ ಬಿಡಲಾಗದೆ ಮೂರು ಸಲ ಕೀ ಅದುಮಿ ಹಿಡಿದು, ಉತ್ತರ ಗೊತ್ತಿದ್ದೂ ಪರದೆಯನ್ನು ದುರುಗುಟ್ಟಿ ನೋಡುತ್ತ ಕುಳಿತಿದ್ದಳು. ಸ್ಕೂಟರ್ ಹತ್ತುವಾಗ ಬಾಯಿಬಿಟ್ಟಳು.

“ಮೂವತ್ತೆಂಟು ವರ್ಷ ನಾ ಹೇಳಿದ್ದು ನೀವು ಕೇಳ್ಲಿಲ್ಲ. ಈಗ ಮಷೀನಿಗೂ ಅದನ್ನ ಕಲಿಸಿದ್ರಿ.”

ನನ್ನ ಪ್ರೋಗ್ರಾಂಗಳಲ್ಲಿ ಮೂವತ್ತೆಂಟು ವರ್ಷವೂ ತಪ್ಪಿಲ್ಲದೆ ನಡೆದದ್ದು ಅದೊಂದೇ.