ಚುಚ್ಚಿಸಿಕೊಳ್ಳದವನ ಜ್ವರ

ವೈದ್ಯಕೀಯ ಕಾಲೇಜಿನ ಅರ್ಜಿಯಲ್ಲಿ ಹೆಸರು, ಊರು, ತಂದೆಯ ಕಸುಬು ಎಲ್ಲ ಮುಗಿದ ಮೇಲೆ, ಈ ವೃತ್ತಿಯನ್ನು ಬಯಸಲು ಕಾರಣವೇನೆಂದು ಕೇಳಿ ನಾಲ್ಕು ಸಾಲು ಖಾಲಿ ಬಿಟ್ಟಿದ್ದರು. ನಾನು ಪೆನ್ಸಿಲ್ಲಿನಲ್ಲಿ ದೀನರ ಸೇವೆ ಎಂದು ಬರೆದು, ಆ ಎರಡು ಪದಗಳನ್ನು ಒಂದು ವಾರ ಮೆಚ್ಚಿಕೊಂಡು ಓಡಾಡಿದೆ. ಶಾಯಿಯಲ್ಲಿ ತಿದ್ದಲು ಮಾತ್ರ ಕೈ ಬರಲಿಲ್ಲ. ನಿಜವಾದ ಕಾರಣಗಳು ಬೇರೆ ಇದ್ದವು. ನಾಲ್ಕು ಸಾಲಿನಲ್ಲಿ ಅವು ಹಿಡಿಸುತ್ತಿರಲಿಲ್ಲ. ಹಿಡಿಸಿದ್ದರೂ ಯಾರಿಗೂ ಓದಿಸುವಂತಿರಲಿಲ್ಲ.

ಶ್ರೀನಿವಾಸಪುರದ ಒಂದು ಮದುವೆಯಲ್ಲಿ ಡಾಕ್ಟರೊಬ್ಬರು ರೋಗಿ ಕಾಯ್ತಿದ್ದಾನೆ ಎಂದಷ್ಟೇ ಹೇಳಿ, ಮೊದಲ ಪಂಕ್ತಿಯಲ್ಲಿ ಕೂತು, ಐದು ಒಬ್ಬಟ್ಟು ತಿಂದು, ಆಮೇಲೆ ಮಧ್ಯಾಹ್ನವೆಲ್ಲ ಇಸ್ಪೀಟಾಡಿದ್ದನ್ನು ಕಂಡಿದ್ದೆ. ಮುಳಬಾಗಿಲಿನಲ್ಲಿ ಒಬ್ಬ ದೊಡ್ಡ ಅಧಿಕಾರಿ ಅಂಗಿ ಬಿಚ್ಚಿ, ನಾಲಿಗೆ ಚಾಚಿ, ಕುರ್ಚಿಯಲ್ಲಿ ಕೂತ ಡಾಕ್ಟರ ಮುಂದೆ ನಿಂತಿದ್ದರು. ಇದು ನನ್ನ ಮನಸ್ಸಿನ ಮೇಲೆ ಆಳವಾದ ಪರಿಣಾಮ ಮಾಡಿತು. ಇನ್ನು ನನ್ನ ಅಕ್ಷರ. ಕೋಲಾರದ ಹೈಸ್ಕೂಲಿನಲ್ಲಿ ಅದಕ್ಕಾಗಿ ಗೆಣ್ಣಿನ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು. ಡಾಕ್ಟರಾದರೆ ಅದೇ ವಿದ್ವತ್ತೆನಿಸುತ್ತದೆ.

ಇವೆಲ್ಲ ಚಿಲ್ಲರೆ ಕಾರಣಗಳು. ದೊಡ್ಡ ಕಾರಣವೆಂದರೆ, ನನಗೆ ಸೂಜಿಯ ಭಯ. ಸೂಜಿಗೆ ಎರಡು ತುದಿಗಳಿರುವುದನ್ನೂ, ಒಂದು ತುದಿಯಲ್ಲಿ ಸಮಸ್ತ ಮಾನವಕುಲವೂ ಇನ್ನೊಂದರಲ್ಲಿ ಡಾಕ್ಟರೊಬ್ಬರೇ ಇರುವುದನ್ನೂ ನಾನು ಗಮನಿಸಿದ್ದೆ. ಪಕ್ಷ ಬದಲಿಸಲು ನಿಶ್ಚಯಿಸಿದೆ.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ಇಂಟರ್‌ಮೀಡಿಯೆಟ್ ಓದುತ್ತಿದ್ದವನು ರಜೆಗೆ ಊರಿಗೆ ಬಂದಿದ್ದೆ. ನಮ್ಮದು ಕ್ಯಾಲನೂರಿನಿಂದ ಅರ್ಧ ಗಂಟೆ ನಡಿಗೆಯ ಹಳ್ಳಿ. ಪಕ್ಕದೂರಿನಲ್ಲಿ ಇಲಿ ಬಿದ್ದವೆಂದು ಸುದ್ದಿ ಬಂದ ಮೂರನೆಯ ದಿನವೇ ಪ್ಲೇಗಿನ ಸೂಜಿ ಹಾಕಲು ಡಾಕ್ಟರು ಬಂದು, ಹೊಂಗೆ ಮರದ ಕೆಳಗೆ ಮೇಜು ಹಾಕಿಸಿದರು. ಹೆಸರು ಬರೆಯುವವನು ಬಂದಿರಲಿಲ್ಲ. ಓದಿದವರು ಯಾರಿದ್ದೀರಿ ಎಂದು ಕೇಳಿದರು. ಊರೆಲ್ಲ ನನ್ನನ್ನು ಮುಂದಕ್ಕೆ ತಳ್ಳಿತು. ಹೀಗೆ ಅರ್ಜಿ ಹಾಕುವ ಮೊದಲೇ ನಾನು ಮೇಜಿನ ಆಚೆ ಕಡೆಯವನಾದೆ.

ಡಾಕ್ಟರು ಮೆಲ್ಲಗೆ ಹೇಳಿದರು: "ಎರಡು ದಿನ ಜ್ವರ ಬರುತ್ತೆ, ತೋಳು ಊದುತ್ತೆ. ಕೈ ತುಂಬ ಕೆಲಸ ಇರೋರಿಗೆ ತಿಳಿಸಿಬಿಡಿ, ಹದಿನೈದು ದಿನ ಬಿಟ್ಟು ಕ್ಯಾಲನೂರಿಗೆ ಬರಲಿ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಪಟ್ಟಿಯಲ್ಲಿ ಮೊದಲು ನನ್ನದೇ ಹೆಸರು ಬರೆದು, ಮುಂದೆ ಹಾಕಿದೆ ಎಂಬ ಗುರುತನ್ನೂ ಎಳೆದೆ. ಡಾಕ್ಟರು ಕೈ ತೊಳೆಯಲು ಹೋದಾಗ ತೋಳಿಗೆ ಟಿಂಚರು ಬಳಿದು ಹತ್ತಿ ಅಂಟಿಸಿಕೊಂಡೆ. ನನ್ನ ವೈದ್ಯಕೀಯ ಜೀವನದ ಏಕೈಕ ಚಿಕಿತ್ಸೆ ಅದು.

ಸಾಲಿನಲ್ಲಿ ನನ್ನ ಸೋದರತ್ತೆ ಬಂದಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಅವಳದು ಅಂತ ಇದ್ದದ್ದು ಒಂದು ತುಂಡು ಹಿಪ್ಪುನೇರಳೆ ತೋಟ, ಹನ್ನೆರಡು ಬಿದಿರು ತಟ್ಟೆ ರೇಷ್ಮೆ ಹುಳು. ಹಿಂದಿನ ಬೆಳೆ ಕೈಕೊಟ್ಟಿತ್ತು. ಇದೂ ಕೆಟ್ಟರೆ ಹಿಪ್ಪುನೇರಳೆ ಕಿತ್ತು ರಾಗಿ ಬಿತ್ತುತ್ತೇನೆಂದು ಅಪ್ಪ ಹೇಳಿಯಾಗಿತ್ತು. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಅವಳ ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಗೂಡು ಕಟ್ಟುವ ಮುಂಚೆ ಹುಳುಗಳಿಗೆ ಹಸಿವು ಭಾರಿ. ದಿನಕ್ಕೆ ಐದು ಸಲ ಸೊಪ್ಪು ಬೀಳಬೇಕು; ಒಂದು ಹೊತ್ತು ತಪ್ಪಿದರೂ ಗೂಡು ತೆಳ್ಳಗಾಗುತ್ತದೆ.

"ಏಮಿರಾ ಡಾಕ್ಟರೇ," ಅಂದಳು. "ನಾಳೆ ನಂಗೆ ಕೈ ಎತ್ತೋಕಾಗುತ್ತಾ? ಇಲ್ಲಾಂದ್ರೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಹತ್ತಿದ ಮೇಲೆ ಹಾಕಿಸ್ಕೊಂತೀನಿ ಕಣೋ."

ನಿಜ ಹೇಳಿದರೆ, ನಿನಗೆ ಯಾವಾಗ ಜ್ವರ ಬರುತ್ತೋ ಎಂದು ಎಲ್ಲರ ಮುಂದೆ ಕೇಳುತ್ತಾಳೆ. ನಾನು ತೋಳಿನ ಹತ್ತಿ ತೋರಿಸಿದೆ.

"ನೋಡು, ನಾನೇ ಹಾಕಿಸ್ಕೊಂಡಿದ್ದೀನಿ. ಇರುವೆ ಕಚ್ಚಿದಷ್ಟೂ ಇಲ್ಲ."

ಅವಳು ಬಲತೋಳು ಚಾಚಿದಳು. ಅವಳ ಹಿಂದೆ ನಿಂತಿದ್ದ ಸಾಬರು, ನಮ್ಮ ಬೀದಿಯಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವ ಭಟ್ಟಿ ಇಟ್ಟವರು, "ಡಾಕ್ಟರ್ ಸಾಬ್ ಅಂದ್ಮೇಲೆ ಮುಗೀತು, ಚುಚ್ಚಿ" ಎಂದು ತಾವೂ ತೋಳು ಕೊಟ್ಟರು.

ಮರುದಿನ ಊರು ಮಲಗಿತು. ಅಪ್ಪ ಮಲಗಿದ, ಅಮ್ಮ ಮಲಗಿದಳು. ಸೂಜಿ ಹಾಕಿಸಿಕೊಂಡವರಲ್ಲಿ ಜ್ವರ ಬಾರದವನು ನಾನೊಬ್ಬನೇ ಆಗಿಬಿಡುತ್ತೇನೆಂದು ಆಗ ಹೊಳೆಯಿತು. ವಿಜ್ಞಾನದ ಮರ್ಯಾದೆ ಕಾಪಾಡಲು ನಾನೂ ಕಂಬಳಿ ಎಳೆದುಕೊಂಡೆ. ಸಾಕಷ್ಟು ನರಳಿದೆ ಕೂಡ. ನರಳುವುದರಲ್ಲಿ ನನಗೆ ಕೈ ಕುದುರಿತ್ತು.

ನನ್ನ ಕೋಣೆಗೂ ಹುಳುವಿನ ಮನೆಗೂ ನಡುವೆ ಒಂದು ಗೋಡೆ. ಹುಳುಗಳು ಸೊಪ್ಪು ತಿನ್ನುವ ಸದ್ದು, ಕಚೇರಿ ತುಂಬ ಗುಮಾಸ್ತರು ಒಟ್ಟಿಗೆ ಬರೆಯುತ್ತಿರುವಂತೆ, ಗೋಡೆಯಾಚೆಯಿಂದ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಸದ್ದು ಸಣ್ಣಗಾಗಿ, ಆಮೇಲೆ ನಿಂತೇಹೋಯಿತು. ಸೊಪ್ಪು ಮುಗಿದಿತ್ತು. ನನಗೆ ಎರಡು ಕೈಗಳಿದ್ದವು, ಎರಡೂ ಆರೋಗ್ಯವಾಗಿದ್ದವು. ತೋಟ ಮನೆಯ ಹಿಂದೆಯೇ ಇತ್ತು. ನಾನು ಮಗ್ಗುಲು ಬದಲಿಸಿದೆ.

ಬಹಳ ಹೊತ್ತಿನ ಮೇಲೆ ಅತ್ತೆ ಎದ್ದ ಸದ್ದಾಯಿತು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಸಾಬರ ದನಿ ಕೇಳಿಸಿತು. ಅವರಿಗೂ ಜ್ವರವೇ.

"ನೀ ಕೂತ್ಕೊ ಅಮ್ಮಾ, ನಾನು ಕೊಯ್ತೀನಿ. ಹುಡುಗ ಎಲ್ಲಿ?"

"ಪಾಪ, ಎದ್ದೇ ಇಲ್ಲ. ನಮಗಿಂತ ಅವನಿಗೇ ಜಾಸ್ತಿ."

ಅವಳು ಎಡಗೈಯಲ್ಲಿ ಸೊಪ್ಪು ಕತ್ತರಿಸುವುದು ಕೇಳುತ್ತಿತ್ತು. ಅಭ್ಯಾಸವಿಲ್ಲದ ಕೈ, ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ನಾನು ಉಸಿರು ಹಿಡಿದಿರುತ್ತಿದ್ದೆ. ಅಂತೂ ಗುಮಾಸ್ತರು ಮತ್ತೆ ಬರೆಯತೊಡಗಿದರು.

ಎರಡನೆಯ ದಿನ ಸಂಜೆ ಅತ್ತೆ ಒದ್ದೆ ಬಟ್ಟೆ ಹಿಡಿದು ನನ್ನ ಕೋಣೆಗೆ ಬಂದಳು. ಮುಖ ಕೆಂಪಗಿತ್ತು, ತೋಳು ಕುಂಬಳಕಾಯಿಯಂತೆ ಊದಿತ್ತು. ಬಟ್ಟೆ ಹಾಕುವ ಮೊದಲು ನನ್ನ ಹಣೆಯ ಮೇಲೆ ಕೈಯಿಟ್ಟಳು. ಆ ಕೈ ಕೆಂಡವಾಗಿತ್ತು. ನನ್ನ ಹಣೆ ಮಡಕೆಯ ನೀರಿನಷ್ಟು ತಣ್ಣಗಿತ್ತು. ಕೈ ಅಲ್ಲೇ ಕೊಂಚ ಹೊತ್ತು ಇತ್ತು. ನಾನು ಕಣ್ಣು ಬಿಡಲಿಲ್ಲ.

"ಮಲಕ್ಕೋ," ಅಂದಳು. ಒದ್ದೆ ಬಟ್ಟೆಯನ್ನು ಹಣೆಯ ಮೇಲೆ ಹಾಸಿ ಹೋದಳು.

ಈಗಲಾದರೂ ಎದ್ದೆನೆಂದು ಓದುವವರು ನಿರೀಕ್ಷಿಸಬಹುದು. ಏಳಲಿಲ್ಲ. ಆಗ ಎದ್ದರೆ ಒಪ್ಪಿಕೊಂಡಂತೆ ಆಗುತ್ತಿತ್ತು. ಮಾರನೆಯ ಬೆಳಿಗ್ಗೆ, ಕಾಯಿಲೆಗೆ ತಕ್ಕ ಅವಧಿ ಕಳೆದ ಮೇಲೆ, ಗೋಡೆ ಹಿಡಿದುಕೊಂಡು ಎದ್ದೆ. ಗೋಡೆ ಹಿಡಿಯುವ ಅಗತ್ಯವೇ ಇರಲಿಲ್ಲ.

ಹನ್ನೆರಡು ತಟ್ಟೆಯಲ್ಲಿ ಐದರ ಗೂಡುಗಳು ತೆಳ್ಳಗೆ ಬಂದವು. ಸಾಬರು ಒಂದನ್ನು ಬೆರಳಲ್ಲಿ ಅದುಮಿ ನೋಡಿದರು. ಅದು ತಗ್ಗಿದ್ದು ತಗ್ಗೇ ಉಳಿಯಿತು. ಅಪ್ಪ ಅರ್ಧ ತೋಟ ಕೀಳಿಸಿದ. ಅತ್ತೆ ಬದುವಿನ ಮೇಲೆ ನಿಂತು, ಯಾವ ಅರ್ಧವೆಂದು ಕೈತೋರಿಸಿದಳು.

ಮುಂದಿನ ವಾರ ಅವಳು ನನ್ನನ್ನು ಕ್ಯಾಲನೂರಿಗೆ ನಡೆಸಿಕೊಂಡು ಹೋದಳು. ಅಲ್ಲಿ ಅದೇ ಡಾಕ್ಟರು, ಅದೇ ಮೇಜು.

"ಸ್ವಾಮಿ, ನಮ್ಮ ಹುಡುಗನಿಗೆ ಹೋದ ಸಲದ್ದು ಹಿಡೀಲಿಲ್ಲ. ಇನ್ನೊಂದು ಹಾಕಿ."

ಡಾಕ್ಟರು ಪಟ್ಟಿ ತೆರೆದು ಮೊದಲ ಹೆಸರು ನೋಡಿದರು, ಅಕ್ಷರ ನೋಡಿದರು, ನನ್ನನ್ನು ನೋಡಿದರು. "ಕೆಲವರಿಗೆ ಹಿಡಿಯೋದಿಲ್ಲ," ಎಂದು ಸೂಜಿ ಎತ್ತಿಕೊಂಡರು. ಇರುವೆ ಕಚ್ಚಿದ್ದಕ್ಕಿಂತ ಬಹಳ ಜಾಸ್ತಿಯಿತ್ತು.

ಜ್ವರ ಬಂತು. ಅತ್ತೆ ಪಕ್ಕದಲ್ಲಿ ಕೂತು ಬಟ್ಟೆ ಅದ್ದಿ ಅದ್ದಿ ಹಾಕಿದಳು. ಈ ಸಲ ಅದು ಬೇಗ ಬೇಗ ಒಣಗುತ್ತಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ.

"ಜ್ವರದಲ್ಲಿ ಮಾತಾಡಬಾರ್ದು ಕಣೋ," ಅಂದಳು.

ಮುಂದಿನ ಬೆಳೆಗೆ ಮೊಟ್ಟೆ ಒಡೆಯುವ ಹೊತ್ತಿಗೆ ತಟ್ಟೆಗೆ ಹಾಸಲು ಕಾಗದ ಬೇಕೆಂದಳು. ಈಗ ಆರೇ ತಟ್ಟೆ. ನಾನು ಕಳಿಸದೆ ಇಟ್ಟಿದ್ದ ಕಾಲೇಜಿನ ಅರ್ಜಿಯನ್ನು ತಂದುಕೊಟ್ಟೆ. ಅವಳಿಗೆ ಓದಲು ಬಾರದು, ಆದರೂ ಪೆನ್ಸಿಲ್ಲಿನ ಎರಡು ಪದಗಳ ಮೇಲೆ ಬೆರಳಿಟ್ಟು, "ಇದೇನೋ?" ಎಂದು ಕೇಳಿದಳು.

"ಏನಿಲ್ಲ ಅತ್ತೆ," ಅಂದೆ. "ಹಾಸು."